ಇಂಟರ್ನೆಟ್ ಇಲ್ಲದ ಪ್ಲಾಂಟ್‌ನಲ್ಲಿ ಸ್ವಿಚ್‌ಗಳ ಅಡ್ಮಿನ್ ಲಾಗಿನ್‌ಗೆ ಟು ಫ್ಯಾಕ್ಟರ್ ಹಾಕಬಹುದಾ?

ನೀವು ಕೇಳಿರೋದು ಇಷ್ಟು: ಕೊಪ್ಪಳದ ಹತ್ತಿರ ಗಿಣಿಗೇರಾ ಕಡೆ ಒಂದು ಕಾರ್ಖಾನೆ, ಮೂವತ್ತರಷ್ಟು ಸಿಸ್ಕೋ ನೆಟ್‌ವರ್ಕ್ ಸ್ವಿಚ್, ಎಲ್ಲಕ್ಕೂ ಒಂದೇ ಅಡ್ಮಿನ್ ಪಾಸ್‌ವರ್ಡ್. ಆಡಿಟ್‌ನವರು ಟು ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆ ಓಟಿಪಿಯಂಥ ಎರಡನೇ ಗುರುತೂ ಕೇಳೋದು) ಹಾಕಿ ಅಂದಿದ್ದಾರೆ. ಒಳಗಿನ ನೆಟ್‌ವರ್ಕ್‌ಗೆ ಇಂಟರ್ನೆಟ್ ಇಲ್ಲ, ಶೆಡ್‌ನಲ್ಲಿ ಮೊಬೈಲ್ ಸಿಗ್ನಲ್ಲೂ ಸರಿಯಿಲ್ಲ. ಆಗುತ್ತಾ?

ಆಗುತ್ತದೆ. ನಾನು ಬಳ್ಳಾರಿಯವನು, ತೋರಣಗಲ್ಲು, ರಾಯಚೂರು ಕಡೆಯ ಪ್ಲಾಂಟ್‌ಗಳ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಓಟಿಪಿ ಹಾಕೋದು ಸುಲಭ. ಓಟಿಪಿ ಸರ್ವರ್ ಕೈಕೊಟ್ಟ ದಿನ ಸ್ವಿಚ್ ಒಳಗೆ ಹೋಗೋದು ಹೇಗೆ ಅನ್ನೋದಕ್ಕೇ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕು.

ಸಾಮಾನ್ಯವಾಗಿ ಸ್ವಿಚ್ ತಾನೇ ಓಟಿಪಿ ನೋಡುವುದಿಲ್ಲ. ಲಾಗಿನ್ ಬಂದಾಗ ರೇಡಿಯಸ್ ಅಥವಾ ಟ್ಯಾಕಾಕ್ಸ್ ಪ್ಲಸ್ ಸರ್ವರನ್ನು, ಅಂದರೆ ಯಾರನ್ನು ಒಳಗೆ ಬಿಡಬೇಕು ಅಂತ ಹೇಳುವ ಸರ್ವರನ್ನು ಕೇಳುತ್ತದೆ. ಹಾಗಾಗಿ ಓಟಿಪಿ ಇರಬೇಕಾದ್ದು ಆ ಸರ್ವರ್‌ನಲ್ಲಿ. ಒಂದು ಲಿನಕ್ಸ್ ಮಷೀನ್‌ನಲ್ಲಿ ಫ್ರೀರೇಡಿಯಸ್ ಅನ್ನೋ ರೇಡಿಯಸ್ ಸಾಫ್ಟ್‌ವೇರ್, ಅದರ ಜೊತೆ ಓಟಿಪಿ ನೋಡೋದಕ್ಕೆ ಗೂಗಲ್ ಅಥೆಂಟಿಕೇಟರ್‌ನ ಪ್ಯಾಮ್ ಮಾಡ್ಯೂಲ್ (ಲಿನಕ್ಸ್ ಲಾಗಿನ್‌ಗೆ ಸೇರಿಸುವ ತುಣುಕು) ಅಥವಾ ಪ್ರೈವಸಿಐಡಿಯಾ ಅನ್ನೋ ಸಾಫ್ಟ್‌ವೇರ್ ಸಾಕು. ಎಲ್ಲವೂ ಪುಕ್ಕಟೆ. ಬಳಸುವವರು ಪಾಸ್‌ವರ್ಡ್ ಟೈಪ್ ಮಾಡಿ, ಅದಕ್ಕೇ ಅಂಟಿಸಿ ಆರು ಅಂಕಿಯ ಕೋಡ್ ಹಾಕುತ್ತಾರೆ. ಸ್ವಿಚ್‌ಗೆ ಅದೆಲ್ಲ ಒಂದು ಉದ್ದನೆಯ ಪಾಸ್‌ವರ್ಡ್ ಅಷ್ಟೇ. ಒಬ್ಬೊಬ್ಬರಿಗೂ ಬೇರೆ ಯೂಸರ್‌ನೇಮ್ ಕೊಡಿ. ಯಾರು ಯಾವಾಗ ಒಳಗೆ ಹೋದರು ಅಂತ ಲಾಗ್‌ನಲ್ಲಿ ಗೊತ್ತಾಗಬೇಕಲ್ವಾ?

ಎಸ್ಸೆಮ್ಮೆಸ್ ಓಟಿಪಿ ಬೇಡವೇ ಬೇಡ. ಆಪ್‌ನಲ್ಲಿ ಬರುವ 30 ಸೆಕೆಂಡಿನ ಕೋಡ್‌ಗೆ ಸಿಗ್ನಲ್ ಬೇಕಿಲ್ಲ. ಮೊದಲ ಸಲ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಫೋನ್ ಮತ್ತು ಸರ್ವರ್ ಎರಡರಲ್ಲೂ ಒಂದೇ ಗುಟ್ಟಿನ ಕೀ ಕೂರುತ್ತದೆ. ಆಮೇಲೆ ಎರಡೂ ತಮ್ಮ ತಮ್ಮ ಗಡಿಯಾರ ನೋಡಿ ಲೆಕ್ಕ ಹಾಕುತ್ತವೆ. ಗೇಟಲ್ಲೇ ಮೊಬೈಲ್ ಇಸ್ಕೊಳ್ಳುವ ಪ್ಲಾಂಟ್ ಆದರೆ ಕೀಚೈನ್ ಥರದ ಹಾರ್ಡ್‌ವೇರ್ ಟೋಕನ್ ತರಿಸಿ.

ಇಂಟರ್ನೆಟ್ ಇಲ್ಲದ ಕಡೆ ತೊಂದರೆ ಕೊಡೋದು ಗಡಿಯಾರ. ಸರ್ವರ್ ಟೈಮ್ ಮೆಲ್ಲಗೆ ಜಾರುತ್ತಾ ಹೋಗುತ್ತದೆ. ಒಂದೆರಡು ನಿಮಿಷ ಹೆಚ್ಚುಕಮ್ಮಿ ಆದರೂ ಸರಿಯಾದ ಕೋಡೇ ತಪ್ಪು ಅನ್ನಿಸಿಕೊಳ್ಳುತ್ತದೆ. ಕಂಟ್ರೋಲ್ ರೂಮ್‌ನಲ್ಲಿ ಜಿಪಿಎಸ್ ಕ್ಲಾಕ್ ಇದ್ದರೆ ಅದರಿಂದಲೇ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಟೈಮ್ ಹೊಂದಿಸೋದು) ತೆಗೆದುಕೊಳ್ಳಿ. ಇನ್‌ಸ್ಟ್ರುಮೆಂಟೇಶನ್‌ನವರನ್ನು ಕೇಳಿದರೆ ಗೊತ್ತಾಗುತ್ತದೆ.

ಈಗ ಸರ್ವರ್ ಕೈಕೊಟ್ಟ ದಿನದ ಮಾತು. ಸಿಸ್ಕೋದಲ್ಲಿ ಲಾಗಿನ್ ಸಾಲಿನ ಕೊನೆಗೆ 'ಗ್ರೂಪ್ ರೇಡಿಯಸ್ ಲೋಕಲ್' ಅಂತ ಬರೆಯುತ್ತೇವೆ. ಕೋಡ್ ತಪ್ಪಾದರೆ ಲೋಕಲ್ ಪಾಸ್‌ವರ್ಡ್ (ಸ್ವಿಚ್ ಒಳಗೇ ಇಟ್ಟಿರುವುದು) ಕೇಳುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ರೇಡಿಯಸ್ 'ಇಲ್ಲ' ಅಂದರೆ ಅಲ್ಲಿಗೆ ಮುಗೀತು. ಸರ್ವರ್ ಉತ್ತರವನ್ನೇ ಕೊಡದಿದ್ದಾಗ ಮಾತ್ರ ಸ್ವಿಚ್ ಲೋಕಲ್ ಯೂಸರ್ ಕಡೆ ತಿರುಗುತ್ತದೆ.

ಕೋರ್ ಸ್ವಿಚ್ (ಉಳಿದವನ್ನೆಲ್ಲ ಜೋಡಿಸುವ ಮುಖ್ಯ ಸ್ವಿಚ್) ಬಿದ್ದರೆ ಉಳಿದ ಸ್ವಿಚ್‌ಗಳಿಗೆ ರೇಡಿಯಸ್ ಸಿಗುವುದಿಲ್ಲ, ನಿಮಗೆ ಒಳಗೆ ಹೋಗಲೇಬೇಕಾದ ಹೊತ್ತೂ ಅದೇ. ಆಗ ಲೋಕಲ್ ಯೂಸರ್ ಬೇಕೇ ಬೇಕು. ಆದರೆ ಬೇಕಂತಲೇ ಸರ್ವರ್ ದಾರಿ ಕತ್ತರಿಸಿದವನಿಗೂ ಆ ಲೋಕಲ್ ಪಾಸ್‌ವರ್ಡ್ ಒಂದಿದ್ದರೆ ಸಾಕು, ಓಟಿಪಿ ಬೇಕಿಲ್ಲ. ಹಾಗಾಗಿ ಈಗಿರುವ ಒಂದೇ ಪಾಸ್‌ವರ್ಡನ್ನು ಲೋಕಲ್‌ಗೆ ಉಳಿಸಬೇಡಿ. ಸ್ವಿಚ್‌ಗೊಂದರಂತೆ ಉದ್ದನೆಯದು ಮಾಡಿ, ಪ್ರಿಂಟ್ ತೆಗೆದು, ಸೀಲ್ ಮಾಡಿದ ಕವರ್‌ನಲ್ಲಿ ಶಿಫ್ಟ್ ಇನ್‌ಚಾರ್ಜ್ ಲಾಕರ್‌ಗೆ ಹಾಕಿ. ಕವರ್ ಒಡೆದರೆ ರಿಜಿಸ್ಟರ್‌ನಲ್ಲಿ ಸಹಿ, ಮರುದಿನ ಹೊಸ ಪಾಸ್‌ವರ್ಡ್. ಕನ್ಸೋಲ್ ಪೋರ್ಟ್‌ಗೆ (ಸ್ವಿಚ್‌ಗೆ ನೇರವಾಗಿ ಕೇಬಲ್ ಹಾಕಿ ಒಳಗೆ ಹೋಗುವ ಜಾಗ) ಲೋಕಲ್ ಸಾಕು, ಆದರೆ ರ‍್ಯಾಕ್‌ಗೆ ಬೀಗ ಇರಲಿ. ರೇಡಿಯಸ್ ಸರ್ವರ್ ಎರಡು ಇಡಿ, ಎರಡೂ ಒಂದೇ ಯುಪಿಎಸ್‌ನಲ್ಲಿ ಬೇಡ.

ಮೊದಲು ಆಫೀಸ್ ಬ್ಲಾಕ್‌ನ ಒಂದು ಸ್ವಿಚ್‌ನಲ್ಲಿ ಮಾಡಿ ನೋಡಿ. ಇರೋ ಕಾನ್ಫಿಗ್ (ಸ್ವಿಚ್‌ನ ಸೆಟ್ಟಿಂಗ್) ಸೇವ್ ಮಾಡಿಕೊಂಡು 'ರೀಲೋಡ್ ಇನ್ 10' (ಹತ್ತು ನಿಮಿಷಕ್ಕೆ ಸ್ವಿಚ್ ರೀಸ್ಟಾರ್ಟ್ ಆಗಲಿ ಅಂತ) ಕೊಡಿ, ಆಮೇಲೆ ಬದಲಾವಣೆ ಮಾಡಿ. ಹಳೇ ಸೆಷನ್ ಮುಚ್ಚದೆ ಇನ್ನೊಂದು ವಿಂಡೋದಲ್ಲಿ ಲಾಗಿನ್ ಆಗಿ. ಲಾಗಿನ್ ಆಯಿತು ಅಂದರೆ 'ರೀಲೋಡ್ ಕ್ಯಾನ್ಸಲ್' ಕೊಟ್ಟು ಸೇವ್ ಮಾಡಿ. ಆಗದಿದ್ದರೆ ಹತ್ತು ನಿಮಿಷಕ್ಕೆ ಸ್ವಿಚ್ ರೀಸ್ಟಾರ್ಟ್ ಆಗಿ ಹಳೇ ಕಾನ್ಫಿಗ್ ತಾನೇ ವಾಪಸ್ ಬರುತ್ತದೆ. ಪ್ರೊಡಕ್ಷನ್ ಲೈನ್‌ನ ಸ್ವಿಚ್ ಮಾತ್ರ ಶಟ್‌ಡೌನ್ ಇದ್ದಾಗಲೇ ಮುಟ್ಟಿ.

ಇಷ್ಟೆಲ್ಲ ಜಾಸ್ತಿ ಅನ್ನಿಸಿದರೆ ಜಂಪ್ ಸರ್ವರ್ ಮಾಡಿ, ಅಂದರೆ ಎಲ್ಲರೂ ಮೊದಲು ಒಂದು ಮಷೀನ್‌ಗೆ ಲಾಗಿನ್ ಆಗಿ ಅಲ್ಲಿಂದಲೇ ಸ್ವಿಚ್‌ಗಳಿಗೆ ಹೋಗೋದು. ಓಟಿಪಿ ಅದೊಂದಕ್ಕೇ, ಸ್ವಿಚ್‌ಗಳು ಅದರ ಐಪಿಯಿಂದ ಬಂದ ಎಸ್‌ಎಸ್‌ಎಚ್ (ಗುಪ್ತವಾಗಿ ಸಾಗುವ ರಿಮೋಟ್ ಲಾಗಿನ್) ಮಾತ್ರ ಒಪ್ಪಬೇಕು. ನಿಮ್ಮಷ್ಟು ಸಣ್ಣ ಸೆಟಪ್‌ಗೆ ನಾನಾದರೆ ಇದನ್ನೇ ಮಾಡುತ್ತೇನೆ. ಇದನ್ನು ಒಪ್ಪುತ್ತಾರಾ ಅಂತ ಆಡಿಟ್‌ನವರನ್ನು ಮೊದಲೇ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ. ರಾತ್ರಿ ಕಾನ್ಫಿಗ್ ಬ್ಯಾಕಪ್ ತೆಗೆಯುವ ಸ್ಕ್ರಿಪ್ಟ್ ಇದ್ದರೆ ಅದು ಓಟಿಪಿ ಟೈಪ್ ಮಾಡಲ್ಲ, ಅದಕ್ಕೆ ಕಡಿಮೆ ಅಧಿಕಾರದ ಬೇರೆ ಯೂಸರ್ ಬೇಕು.

ಯಾವ ದಾರಿ ಹಿಡಿದರೂ ಟೆಲ್ನೆಟ್ (ಪಾಸ್‌ವರ್ಡ್ ಬಯಲಾಗೇ ಕಳಿಸುವ ಹಳೇ ರಿಮೋಟ್ ಲಾಗಿನ್) ಮತ್ತು ಸ್ವಿಚ್‌ನ ವೆಬ್ ಪೇಜ್ ಎರಡನ್ನೂ ಇವತ್ತೇ ಆಫ್ ಮಾಡಿ. 2023ರ ಅಕ್ಟೋಬರ್‌ನಲ್ಲಿ ಸಿಸ್ಕೋದ ಐಒಎಸ್ ಎಕ್ಸ್‌ಇ ಸಾಫ್ಟ್‌ವೇರ್‌ನ ವೆಬ್ ಪೇಜ್‌ನಲ್ಲಿ ಸಿಕ್ಕ ದೋಷದಿಂದ ಲಾಗಿನ್ನೇ ಇಲ್ಲದೆ ಹೊರಗಿನವರು ಲೆವೆಲ್ 15ರ (ಪೂರ್ತಿ ಅಧಿಕಾರದ) ಯೂಸರ್ ಮಾಡಿಕೊಳ್ಳಬಹುದಿತ್ತು. ಅಲ್ಲಿ ಓಟಿಪಿ ಕೇಳುವ ಪ್ರಶ್ನೆಯೇ ಬರುವುದಿಲ್ಲ. ಎಚ್‌ಟಿಟಿಪಿ ಸರ್ವರ್ ಆಫ್ ಮಾಡಿದರೆ ಸಾಲದು, ಸೆಕ್ಯೂರ್ ಸರ್ವರ್ ಅನ್ನೋದು ಬೇರೆ ಕಮಾಂಡ್, ಅದಕ್ಕೂ 'ನೋ' ಹಾಕಿ.