ಮುಳ್ಳು ಕೆಂಪಿಗೆ, ಹೀಟರ್ ತಣ್ಣಗೆ: ನೀರು ಎಲ್ಲಿ ಹೋಯ್ತು?

ಪ್ರಶ್ನೆ: ನನ್ನದು 2013ರ ಸಣ್ಣ ಪೆಟ್ರೋಲ್ ಕಾರು. ಊರು ಮಡಿಕೇರಿ. ತಿಂಗಳಿಗೆ ಎರಡು ಸಲ ಮಂಗಳೂರಿಗೆ ಹೋಗಿ ಬರುತ್ತೇನೆ. ಇಳಿಯುವಾಗ ಏನೂ ತೊಂದರೆಯಿಲ್ಲ. ವಾಪಸ್ ಬರುವಾಗ ಸಂಪಾಜೆ ದಾಟಿ ಘಾಟಿ ಹತ್ತತೊಡಗಿದರೆ ಕೆಲವು ಸಲ ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗುತ್ತದೆ. ಕೆಲವು ಸಲ ಏನೂ ಆಗುವುದಿಲ್ಲ. ಮುಳ್ಳು ಏರಿದಾಗ ಹೀಟರ್ ಹಾಕಿ ಎಂದು ಗೆಳೆಯರು ಹೇಳಿದ್ದರು. ಹಾಕಿದರೆ ತಣ್ಣನೆ ಗಾಳಿ ಬರುತ್ತದೆ! ಮೆಕ್ಯಾನಿಕ್ ಥರ್ಮೋಸ್ಟಾಟ್ ವಾಲ್ವ್ ಬದಲಿಸಿದರು, ಫ್ಯಾನ್ ಮೋಟರ್ ಹೊಸದು ಹಾಕಿದರು. ಈಗ ರೇಡಿಯೇಟರ್ ಬದಲಿಸೋಣ ಅನ್ನುತ್ತಿದ್ದಾರೆ. ರಿಸರ್ವ್ ಬಾಟಲಿಯಲ್ಲಿ ಮಾತ್ರ ಕೂಲಂಟ್ ಯಾವಾಗಲೂ ಮ್ಯಾಕ್ಸ್ ಗೆರೆಗಿಂತ ಮೇಲೆಯೇ ಇರುತ್ತದೆ.

ಉತ್ತರ: ರೇಡಿಯೇಟರ್‌ಗೆ ದುಡ್ಡು ಹಾಕುವ ಮುಂಚೆ ಸ್ವಲ್ಪ ತಡೆಯಿರಿ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ.

ಹೀಟರ್ ಅಂದರೆ ಬೇರೆ ಏನೂ ಅಲ್ಲ, ಡ್ಯಾಶ್‌ಬೋರ್ಡ್ ಒಳಗೆ ಕೂತಿರುವ ಪುಟ್ಟ ರೇಡಿಯೇಟರ್. ಎಂಜಿನ್‌ನಲ್ಲಿ ಕಾದ ನೀರೇ (ಅಂದರೆ ಕೂಲಂಟ್) ಅದರೊಳಗೆ ಹರಿಯುತ್ತದೆ, ಅದರ ಮೇಲೆ ಬ್ಲೋವರ್ ಗಾಳಿ ಊದುತ್ತದೆ. ಎಂಜಿನ್ ಕುದಿಯುತ್ತಿರುವಾಗ ಹೀಟರ್ ಗಾಳಿ ಕೈ ಸುಡಬೇಕು. ತಣ್ಣಗೆ ಬಂತು ಅಂದರೆ ಸಾಮಾನ್ಯವಾಗಿ ಅಲ್ಲಿಗೆ ನೀರು ಬರುತ್ತಿಲ್ಲ ಎಂದೇ ಅರ್ಥ. ಒಂದೋ ನೀರು ಕಡಿಮೆಯಾಗಿ ಒಳಗೆ ಗಾಳಿ ಸಿಕ್ಕಿಕೊಂಡು ಏರ್ ಲಾಕ್ ಆಗಿದೆ, ಇಲ್ಲವೇ ವಾಟರ್ ಪಂಪ್ ತಳ್ಳುತ್ತಿಲ್ಲ. ಹತ್ತರಲ್ಲಿ ಎಂಟು ಸಲ ನಾನು ನೋಡಿರುವುದು ಮೊದಲನೆಯದು.

'ಬಾಟಲಿ ತುಂಬಿದೆಯಲ್ಲ' ಅನ್ನುತ್ತೀರಿ. ನನಗೆ ಅನುಮಾನ ಬಂದಿದ್ದೇ ಅಲ್ಲಿ. ಬಾಟಲಿ ತುಂಬಿದೆ ಅಂದ ಮಾತ್ರಕ್ಕೆ ರೇಡಿಯೇಟರ್ ತುಂಬಿರಬೇಕು ಅಂತೇನಿಲ್ಲ. ನಿಮ್ಮಂಥ ಕಾರುಗಳಲ್ಲಿ ನೀರು ಕಾದು ಹಿಗ್ಗಿದಾಗ ರೇಡಿಯೇಟರ್ ಕ್ಯಾಪ್ ಅದನ್ನು ಬಾಟಲಿಗೆ ಬಿಡುತ್ತದೆ. ಎಂಜಿನ್ ಆರಿದ ಮೇಲೆ ಕ್ಯಾಪಿನ ನಡುವಿನ ಸಣ್ಣ ವಾಲ್ವ್ ತೆರೆದು, ನೀರು ವಾಪಸ್ ಒಳಗೆ ಹೀರಿಕೊಳ್ಳುತ್ತದೆ. ಆ ವಾಲ್ವ್ ಅಂಟಿಕೊಂಡರೆ, ಅಥವಾ ಬಾಟಲಿಗೆ ಹೋಗುವ ಸಪೂರ ಪೈಪ್ ಬಿರುಕು ಬಿಟ್ಟರೆ, ಹೋದ ನೀರು ವಾಪಸ್ ಬರುವುದಿಲ್ಲ. ಬಾಟಲಿ ತುಂಬುತ್ತಾ ಹೋಗುತ್ತದೆ, ಎಂಜಿನ್ ಒಣಗುತ್ತಾ ಹೋಗುತ್ತದೆ. ನೋಡುವವರು ಬಾಟಲಿ ನೋಡಿ 'ನೀರು ಸರಿ ಇದೆ' ಅಂತ ಬಾನೆಟ್ ಮುಚ್ಚುತ್ತಾರೆ.

ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ, ಕಾರು ಸ್ಟಾರ್ಟ್ ಮಾಡುವ ಮುಂಚೆ, ಬಾನೆಟ್ ಎತ್ತಿ ರೇಡಿಯೇಟರ್‌ನ ಮೇಲಿನ ದಪ್ಪ ಹೋಸ್ ಪೈಪನ್ನು ಹಿಂಡಿ ನೋಡಿ. ಒಳಕ್ಕೆ ಚಪ್ಪಟೆಯಾಗಿ ಕೂತಿದ್ದರೆ ಕ್ಯಾಪ್ ಕೈಕೊಟ್ಟಿದೆ. ರಾತ್ರಿಯೆಲ್ಲ ನಿಂತ ಕಾರಿನಲ್ಲೂ ಅದು ಗಟ್ಟಿಯಾಗಿ ಉಬ್ಬಿದ್ದರೆ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ಈಗ ಕ್ಯಾಪ್ ತೆಗೆಯಿರಿ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ, ಮರೀಬೇಡಿ. ನೀರು ಬಾಯಿಯ ಮಟ್ಟಕ್ಕೆ ಇರಬೇಕು. ಕೆಳಗಿದ್ದರೆ ಕಳ್ಳ ಸಿಕ್ಕಿದ ಹಾಗೆ. ಸಣ್ಣ ಕಾರಿನಲ್ಲಿ ಇರುವುದೇ ಸುಮಾರು ನಾಲ್ಕೈದು ಲೀಟರ್ ಕೂಲಂಟ್, ಅದರಲ್ಲಿ ಒಂದು ಲೀಟರ್ ಇಲ್ಲ ಅಂದರೆ ಆಟವೇ?

ಕ್ಯಾಪಿನ ರಬ್ಬರನ್ನೂ ನೋಡಿ. ಬಿರುಕು, ಹಸಿರು ಕಿಟ್ಟ ಕಂಡರೆ ಬದಲಿಸಿ. ಕೆಲವು ನೂರು ರೂಪಾಯಿ ಅಷ್ಟೇ. ಮೇಲೆ 0.9 ಅಥವಾ 1.1 ಅಂತ ಅಚ್ಚು ಹಾಕಿರುತ್ತಾರೆ, ಅದು ಒತ್ತಡದ ಲೆಕ್ಕ. ಅದೇ ಸಂಖ್ಯೆಯದ್ದೇ ತನ್ನಿ. ಈ ಒತ್ತಡ ಇರುವುದರಿಂದಲೇ ಒಳಗಿನ ನೀರು 118–120 ಡಿಗ್ರಿವರೆಗೂ ಕುದಿಯದೆ ನಿಲ್ಲುತ್ತದೆ. ಕ್ಯಾಪ್ ಸೋರಿದರೆ ಆ ರಕ್ಷಣೆ ಹೋಯ್ತು. ನಿಮ್ಮ ಮಡಿಕೇರಿಯ ಎತ್ತರದಲ್ಲಿ ಬರೀ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ಮಾಮೂಲಾಗಿ ಓಡುವುದೇ 90ರ ಆಸುಪಾಸಿನಲ್ಲಿ. ಸೆಕೆಂಡ್ ಗೇರ್‌ನಲ್ಲಿ ನಿಧಾನವಾಗಿ ಘಾಟಿ ಹತ್ತುವಾಗ ಕಾವು ಜಾಸ್ತಿ, ಎದುರು ಗಾಳಿ ಕಡಿಮೆ. ಹಾಗಾಗಿ ಇಳಿಯುವಾಗ ಅಡಗಿದ್ದ ದೋಷ ಹತ್ತುವಾಗ ಹೊರಗೆ ಬರುತ್ತದೆ. ಗಾಳಿಗುಳ್ಳೆ ಒಳಗೇ ಜಾಗ ಬದಲಿಸುತ್ತಿರುತ್ತದೆ, ಅದಕ್ಕೇ ಒಂದು ದಿನ ಉಂಟು, ಒಂದು ದಿನ ಇಲ್ಲ.

ಕ್ಯಾಪ್ ಬದಲಿಸಿ, ಕೂಲಂಟ್ ತುಂಬಿಸಿದ ಮೇಲೆ ಗಾಳಿ ತೆಗೆಸಲೇಬೇಕು. ಮೂತಿ ಮೇಲಾಗುವಂತೆ ಕಾರು ನಿಲ್ಲಿಸಿ, ಹೀಟರ್ ಫುಲ್ ಬಿಸಿಗೆ ಇಟ್ಟು, ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ಗುಳ್ಳೆ ನಿಲ್ಲುವವರೆಗೆ ತುಂಬಿಸುತ್ತಾ ಹೋಗುವುದು. ಕೆಲವು ಕಾರುಗಳಲ್ಲಿ ಇದಕ್ಕೆಂದೇ ಒಂದು ಸ್ಕ್ರೂ ಇರುತ್ತದೆ. ಅಭ್ಯಾಸ ಇಲ್ಲದಿದ್ದರೆ ಗ್ಯಾರೇಜ್‌ನಲ್ಲೇ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ. ಬೋರ್‌ವೆಲ್ ನೀರು ಮಾತ್ರ ಹಾಕಿಸಬೇಡಿ. ಬಿಸಿನೀರಿನ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ರೇಡಿಯೇಟರ್ ಒಳಗೂ ಕಟ್ಟುತ್ತದೆ.

ಇನ್ನು ಉಬ್ಬಿದ ಪೈಪಿನ ವಿಷಯ. ತಣ್ಣಗಿರುವಾಗಲೂ ಪೈಪ್ ಗಟ್ಟಿ ಇದ್ದರೆ, ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ರೇಡಿಯೇಟರ್ ಬಾಯಲ್ಲಿ ಗುಳ್ಳೆ ನಿಲ್ಲದೆ ಬಂದರೆ, ಸಿಲಿಂಡರಿನ ಹೊಗೆ ನೀರಿಗೆ ಸೇರುತ್ತಿದೆ. ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್‌ಗೂ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿರಬಹುದು. ಹೆಡ್ ಬಿಚ್ಚುವ ಮುಂಚೆ ನೀಲಿ ದ್ರವದ ಟೆಸ್ಟ್ ಮಾಡಿಸಿ. ರೇಡಿಯೇಟರ್ ಬಾಯಿಯ ಗಾಳಿಯನ್ನು ಅದರ ಮೂಲಕ ಎಳೆದಾಗ ದ್ರವ ಹಳದಿಗೆ ತಿರುಗಿದರೆ ಗ್ಯಾಸ್ಕೆಟ್ ಸೋರುತ್ತಿದೆ. ಆಯಿಲ್ ಮುಚ್ಚಳದ ಒಳಗೆ ಕಾಫಿ ನೊರೆಯಂಥದ್ದು ಕಂಡರೆ ಗಾಬರಿ ಬೀಳಬೇಡಿ. ಕೊಡಗಿನ ಮಳೆಗಾಲದಲ್ಲಿ ಬರೀ ಅಂಗಡಿವರೆಗೆ ಓಡಿಸುವ ಕಾರಲ್ಲೂ ತೇವದಿಂದ ಹಾಗಾಗುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿಯಲ್ಲೂ (ಡಿಪ್‌ಸ್ಟಿಕ್) ಅದೇ ಬಣ್ಣ ಇದ್ದರೆ ಆಗ ಯೋಚಿಸಿ.

ನಿಮ್ಮ ಗೆಳೆಯರ ಮಾತು ಸುಳ್ಳಲ್ಲ. ಹೀಟರ್ ಬಿಸಿ ಗಾಳಿ ಕೊಡುತ್ತಿದ್ದರೆ ಅದು ಎಂಜಿನ್ ಕಾವನ್ನು ಸ್ವಲ್ಪ ಎಳೆದುಕೊಳ್ಳುತ್ತದೆ, ಎಸಿ ಆಫ್ ಮಾಡಿ ಹಾಗೇ ಸುರಕ್ಷಿತ ಜಾಗದವರೆಗೆ ಹೋಗಬಹುದು. ತಣ್ಣನೆ ಗಾಳಿ ಬಂದರೆ ಮಾತ್ರ ಒಂದು ತಿರುವೂ ಮುಂದೆ ಹೋಗಬೇಡಿ. ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಕಡಿಮೆ ಅಂದರೂ ಮುಕ್ಕಾಲು ಗಂಟೆ ಕ್ಯಾಪ್ ಮುಟ್ಟಬೇಡಿ. ಅವಸರಕ್ಕೆ ಬಿದ್ದು ನಾನೇ ಒಮ್ಮೆ ಮೊಣಕೈವರೆಗೆ ಸುಟ್ಟುಕೊಂಡಿದ್ದೇನೆ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿದ್ದೇನೆ. ಡಿಸೆಂಬರ್ ಚಳಿಯಲ್ಲಿ ಅರ್ಧ ಗಂಟೆ ಓಡಿಸಿದರೂ ಹೀಟರ್ ಉಗುರು ಬೆಚ್ಚಗೆ ಅಷ್ಟೇ. ಹೋದ ವರ್ಷ ಎಂಜಿನ್ ಬಿಸಿಯಾಗುತ್ತಿತ್ತು, ಆಗ ಮೆಕ್ಯಾನಿಕ್ 'ವಾಲ್ವ್ ಬೇಡ' ಅಂತ ಥರ್ಮೋಸ್ಟಾಟ್ ತೆಗೆದುಬಿಟ್ಟರು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ಇದೆ. ಅಂಬಾಸಿಡರ್ ಕಾಲದ ಅಭ್ಯಾಸ ಇದು, ಇನ್ನೂ ಹೋಗಿಲ್ಲ. ಥರ್ಮೋಸ್ಟಾಟ್ ವಾಲ್ವ್ ನೀರು ಸುಮಾರು 82–88 ಡಿಗ್ರಿ ಆಗುವವರೆಗೆ ರೇಡಿಯೇಟರ್ ದಾರಿ ಮುಚ್ಚಿರುತ್ತದೆ. ಅದೇ ಇಲ್ಲದಿದ್ದರೆ ಎಂಜಿನ್ ಬಿಸಿಯೇರುವುದೇ ಇಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಬಿಡುತ್ತಿರುತ್ತದೆ, ಮೈಲೇಜ್ ಬಿದ್ದಿರುವುದು ನಿಮ್ಮ ಗಮನಕ್ಕೂ ಬಂದಿರಬಹುದು. ಹೊಸ ವಾಲ್ವ್ ಹಾಕಿಸಿ. ಆಮೇಲೆ ಕಾರು ಮತ್ತೆ ಬಿಸಿಯಾದರೆ ಹೋದ ವರ್ಷದ ಕಾಯಿಲೆ ಹಾಗೇ ಇದೆ ಅಂತಾಯ್ತು, ಅದನ್ನು ಬೇರೆಯಾಗಿ ಹುಡುಕಿಸಿ.

ವಾಲ್ವ್ ಹಾಕಿದ ಮೇಲೂ ಹೀಟರ್ ಬಿಸಿಯಾಗದಿದ್ದರೆ, ಎಂಜಿನ್ ಕಡೆಯಿಂದ ಕ್ಯಾಬಿನ್ ಒಳಗೆ ಹೋಗುವ ಎರಡು ಸಣ್ಣ ಪೈಪ್‌ಗಳನ್ನು ಹುಷಾರಾಗಿ ಮುಟ್ಟಿ ನೋಡಿ. ಎರಡೂ ಬಿಸಿ ಇದ್ದರೆ ಡ್ಯಾಶ್‌ಬೋರ್ಡ್ ಒಳಗಿನ ಗಾಳಿ ತಿರುಗಿಸುವ ಫ್ಲ್ಯಾಪ್ ಸಿಕ್ಕಿಕೊಂಡಿದೆ. ಒಂದು ಬಿಸಿ, ಒಂದು ತಣ್ಣಗಿದ್ದರೆ ಹೀಟರ್ ಕಟ್ಟಿಕೊಂಡಿದೆ, ಮೊದಲು ಒಳಗೆ ನೀರು ಹಾಯಿಸಿ ತೊಳೆಸಿ (ಫ್ಲಶ್) ನೋಡಿ. ಹಾಗೇ ಮುಂದಿನ ಸೀಟಿನವರು ಕಾಲಿಡುವ ಜಾಗದಲ್ಲಿ ಮ್ಯಾಟ್ ಎತ್ತಿ ಕೈ ಇಡಿ. ಒದ್ದೆಯಾಗಿ, ಅಂಟಂಟಾಗಿ, ಸಿಹಿ ವಾಸನೆ ಬಂದರೆ ಹೀಟರೇ ಸೋರುತ್ತಿದೆ. ಆಗ ಫ್ಲಶ್‌ಗೆ ದುಡ್ಡು ಕೊಡಬೇಡಿ, ಹೀಟರ್ ಬದಲಿಸಲೇಬೇಕು.