ಚರ್ಚಿನ ಭಾಷೆ ಊಟದ ಮೇಜಿಗೆ ಬೇಡ

ಪ್ರಶ್ನೆ: ಮಧ್ಯಾಹ್ನ ಊಟ ಮಾಡುವಾಗ ಆಫೀಸಿನ ಗೆಳತಿ 'ನೀವು ಕ್ರೈಸ್ತರು ಏನನ್ನ ನಂಬ್ತೀರಿ?' ಅಂತ ಕೇಳಿದಳು. ಪಾಪ, ರಕ್ಷಣೆ, ಹೊಸ ಹುಟ್ಟು, ಕುರಿಮರಿಯ ರಕ್ತ ಎಲ್ಲ ವಿವರಿಸಿದೆ. ಅವಳು ಮಾತು ಬದಲಿಸಿದಳು. ಎಲ್ಲಿ ತಪ್ಪಿದೆ?

ಉತ್ತರ: ಅನ್ನ ಕಲಸುವ ಹೊತ್ತಿಗೆ ರಕ್ತದ ಮಾತು ತೆಗೆದಿರಲ್ಲ, ಅಲ್ಲೇ! ದೇವಶಾಸ್ತ್ರ ಕಲಿಸಿ ತಲೆ ನರೆತ ನನಗೆ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ.

ನೀವು ಹೇಳಿದ್ದು ಒಂದು, ಆಕೆಗೆ ಕೇಳಿಸಿದ್ದು ಇನ್ನೊಂದು. 'ಹೊಸದಾಗಿ ಹುಟ್ಟಬೇಕು' ಅಂದರೆ ನಮ್ಮ ಕಡೆ ಯಾರಿಗಾದರೂ ನೆನಪಾಗುವುದು ಮುಂದಿನ ಜನ್ಮ. ಹುಟ್ಟು ಸಾವಿನ ಸುತ್ತಿನಿಂದ ಬಿಡುಗಡೆ ಬೇಕು ಅನ್ನುವವರಿಗೆ ನೀವು ಇನ್ನೊಮ್ಮೆ ಹುಟ್ಟಿ ಅಂತೀರಿ! ಯೋಹಾನನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ಯೇಸು ಇದೇ ಮಾತು ಹೇಳಿದಾಗ ನಿಕೊದೇಮ ಎಡವಿದ್ದೂ ಇಲ್ಲೇ. ಮುದುಕ ಮತ್ತೆ ತಾಯಿಯ ಹೊಟ್ಟೆ ಸೇರುವುದು ಹೇಗೆ ಅಂತ ಕೇಳಿದ. ಅವನೋ ಯೆಹೂದ್ಯರ ಬೋಧಕ. ನಿಮ್ಮ ಗೆಳತಿ ಮಾತು ಬದಲಿಸಿದ್ದರಲ್ಲಿ ಏನು ಆಶ್ಚರ್ಯ?

'ಪಾಪ' ಇನ್ನೂ ತೊಡಕು. ಮಗು ಜಾರಿ ಬಿದ್ದರೂ 'ಅಯ್ಯೋ ಪಾಪ' ಅನ್ನುವವರು ನಾವು. ಅದೇ 'ಪಾಪಿ' ಅಂದರೆ ಕೊಲೆಗಾರರ ಸಾಲಿಗೆ ಸೇರಿಸಿದ ಹಾಗೆ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಪಾಪಕ್ಕೆ ಇರುವ ಗ್ರೀಕ್ ಮಾತು 'ಹಮಾರ್ತಿಯ'. ಗುರಿ ತಪ್ಪುವುದು ಅನ್ನುವ ಅರ್ಥ ಅದರ ಬೇರಿನಲ್ಲಿದೆ. 'ಒಳ್ಳೇದು ಯಾವುದು ಅಂತ ಗೊತ್ತು, ಮಾಡೋಕೆ ಆಗಲ್ಲ' ಅನ್ನಿ. ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ ಪೌಲ ಒಪ್ಪಿಕೊಂಡಿದ್ದೂ ಅದನ್ನೇ. ಇದು ಯಾರಿಗೆ ಅರ್ಥವಾಗಲ್ಲ ಹೇಳಿ?

ಕಿಟ್ಟೆಲ್ ಜರ್ಮನಿಯಿಂದ ಬಂದು ಕನ್ನಡದ ಮಾತುಗಳನ್ನು ಹೆಕ್ಕಿ ಹೆಕ್ಕಿ 1894ರಲ್ಲಿ ನಿಘಂಟು ಕೊಟ್ಟರು. ಇಲ್ಲೇ ಹುಟ್ಟಿದ ನಮಗೆ ಮನೆಮಾತು ಸಿಗುವುದಿಲ್ಲ.

ಇನ್ನು 'ಸಾಕ್ಷಿ', ಅಂದರೆ ದೇವರು ನಮ್ಮ ಬಾಳಲ್ಲಿ ಏನು ಮಾಡಿದ ಅಂತ ನಾವೇ ಹೇಳುವುದು. ಅದಕ್ಕೆ ಮಸಾಲೆ ಬೇಡ. ಹಬ್ಬಕ್ಕೊಮ್ಮೆ ಎರಡು ಬಿಯರ್ ಕುಡಿಯುತ್ತಿದ್ದವರು ಮೈಕ್ ಸಿಕ್ಕಿದ ಕೂಡಲೇ ಮಹಾ ಕುಡುಕರಾಗಿದ್ದನ್ನು ನಾನೇ ಕೇಳಿದ್ದೇನೆ. ಯೋಹಾನ 9ರಲ್ಲಿ ಕಣ್ಣು ಬಂದವನನ್ನು ನೋಡಿ. ಯೇಸು ಪಾಪಿಯೋ ಅಲ್ಲವೋ ಗೊತ್ತಿಲ್ಲ, ಕುರುಡನಾಗಿದ್ದೆ, ಈಗ ಕಾಣುತ್ತದೆ ಅಂದ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದ. ನೀವೂ ಅಷ್ಟೇ ಹೇಳಿ, ಊಟ ಮುಂದುವರಿಸಿ.

ಕೇಳದವರ ಹಿಂದೆ ಬೀಳಬೇಡಿ. ಪೇತ್ರನ ಮೊದಲ ಪತ್ರ 3:15 ಹೇಳುವುದು ಕೇಳಿದವರಿಗೆ ಉತ್ತರ ಕೊಡಿ ಅಂತ, ಅದೂ ಮೆತ್ತಗೆ. ಆಸ್ಪತ್ರೆಯ ಮಂಚದ ಪಕ್ಕ, ಸಾವಿನ ಮನೆಯಲ್ಲಿ ಅಂತೂ ಬೇಡವೇ ಬೇಡ. ನಾನು ಜಾಸ್ತಿ ಹೆದರುತ್ತೇನೆ ಅನ್ನುವವರಿದ್ದಾರೆ. ಅನ್ನಲಿ.

ಪ್ರಶ್ನೆ: ನಿಮಗೆ ತಂದೆ, ಮಗ, ಪವಿತ್ರಾತ್ಮ ಅಂತ ಮೂರು ದೇವರಾ ಅಂದರೆ?

ಉತ್ತರ: ಒಬ್ಬನೇ. 325ರಲ್ಲಿ ನೈಸಿಯಾ ಊರಲ್ಲಿ ಸೇರಿದ ಬಿಷಪರು ಬರೆದ ವಿಶ್ವಾಸಪ್ರಮಾಣ, ಅಂದರೆ ನಂಬಿಕೆಯ ಸಾರ, ಶುರುವಾಗುವುದೇ ಹಾಗೆ. ದಯವಿಟ್ಟು ಒಂದೇ ವಸ್ತುವಿಗೆ ಮೂರು ರೂಪ ಅನ್ನುವ ನೀರು, ಹಬೆ, ಮಂಜುಗಡ್ಡೆಯ ಕತೆ ಹೇಳಿ ಕೆಡಿಸಬೇಡಿ.

ಪ್ರಶ್ನೆ: ಗೆಳೆಯನಿಗೆ ನಂಬಿಕೆ ಬರಲಿ ಅಂತ ಶುಗರ್ ಮಾತ್ರೆ ಬಿಡಿಸಿ ಪ್ರಾರ್ಥನೆಯ ಎಣ್ಣೆ ಕೊಡಬಹುದಾ?

ಉತ್ತರ: ಮಾತ್ರೆ ಬಿಡಿಸಬೇಡಿ, ಆ ಎಣ್ಣೆ ಮಾರಿದವನನ್ನು ಮೊದಲು ಬಿಡಿ. ಶಿಷ್ಯ ತಿಮೊಥೆಯನ ಹೊಟ್ಟೆಯ ತೊಂದರೆಗೆ ಪೌಲ ಹೇಳಿದ್ದು ಸ್ವಲ್ಪ ದ್ರಾಕ್ಷಾರಸ ತಗೋ ಅಂತ. ಅದು ಆ ಕಾಲದ ಔಷಧಿ.

ಪ್ರಶ್ನೆ: ಕ್ರಿಸ್ಮಸ್‌ಗೆ ನೆರೆಮನೆಗೆ ಕುಸ್ವಾರ್ ತಿಂಡಿ ಕೊಟ್ಟರೆ ಮತಪ್ರಚಾರ ಅಂದುಕೊಳ್ಳುತ್ತಾರಾ?

ಉತ್ತರ: ಕೊಡಿ. ಡಬ್ಬಿಯೊಳಗೆ ಕರಪತ್ರ ಇಡಬೇಡಿ.