ಚಂಡೆ ಜೋರಾದಾಗ ನಿಲ್ಲುವ ಆಂಪ್ಲಿಫೈಯರ್: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಪತ್ರದ ಸಾರ: ತೀರ್ಥಹಳ್ಳಿ ಸಮೀಪದ ಓದುಗರೊಬ್ಬರು ಟಿಪಿಎ3116 ಚಿಪ್ ಇರುವ ಪುಟ್ಟ ಕ್ಲಾಸ್ ಡಿ (ಅತಿ ವೇಗವಾಗಿ ಸ್ವಿಚ್ ಆಗುತ್ತ ಧ್ವನಿ ವರ್ಧಿಸುವ ಬಗೆಯ) ಆಂಪ್ಲಿಫೈಯರ್ ಬೋರ್ಡಿಗೆ 24 ವೋಲ್ಟ್, 2 ಆಂಪಿಯರ್ ಅಡಾಪ್ಟರ್ ಮತ್ತು 4 ಓಮ್‌ನ ಎರಡು ಸ್ಪೀಕರ್ ಜೋಡಿಸಿ ಯಕ್ಷಗಾನದ ಧ್ವನಿಮುದ್ರಣ ಕೇಳುತ್ತಾರೆ. ಚಂಡೆ, ಮದ್ದಲೆ ಜೋರಾದಾಗ ಧ್ವನಿ ಕಡಿದು, ಒಂದೆರಡು ಕ್ಷಣದ ಬಳಿಕ ಮರಳುತ್ತದೆ. ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿದರೆ ಗುಂಯ್ ಎನ್ನುತ್ತದೆ. ಸ್ವಿಚ್ ಹಾಕಿದಾಗ ಧಪ್ ಎಂಬ ಸದ್ದು ಬರುತ್ತದೆ. ಆಪ್-ಆಂಪ್ (ಒಳಬರುವ ಸಣ್ಣ ಸಂಕೇತವನ್ನು ವರ್ಧಿಸುವ ಚಿಪ್) ಮತ್ತು ಇನ್‌ಪುಟ್ ಕೆಪಾಸಿಟರ್ ಬದಲಿಸಲೇ, ಇಲ್ಲವೇ ಶಿವಮೊಗ್ಗದಲ್ಲಿ 24 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಸುತ್ತಿಸಲೇ ಎಂಬುದು ಅವರ ಪ್ರಶ್ನೆ.

ಪ್ರಿಯ ಓದುಗರೇ,

ಬೆಸುಗೆ ಕಡ್ಡಿಗೆ ಕೈ ಹಾಕುವ ಮೊದಲು ಮಲ್ಟಿಮೀಟರ್ ತೆಗೆದುಕೊಳ್ಳಿ. ನೀವು ಬದಲಿಸಹೊರಟಿರುವ ಭಾಗಗಳಲ್ಲಿ ದೋಷವಿಲ್ಲ ಎಂದೇ ನನಗೆ ಅನ್ನಿಸುತ್ತದೆ. ದೋಷವಿರುವುದು ಬೋರ್ಡಿಗೆ ವಿದ್ಯುತ್ ಉಣಿಸುವ ಕಡೆ.

ಭಾಗವತರ ಪದ ಸರಾಗವಾಗಿ ಬಂದು ಚಂಡೆಗೆ ಮಾತ್ರ ಧ್ವನಿ ಕಡಿಯುತ್ತದೆ ಎಂದಿದ್ದೀರಿ. ಲೆಕ್ಕ ಹಾಕಿ ನೋಡಿ. 24 ವೋಲ್ಟಿನಲ್ಲಿ 4 ಓಮ್ ಸ್ಪೀಕರ್ ಒಂದು ಪೆಟ್ಟಿನ ತುದಿಯಲ್ಲಿ ಐದು ಆಂಪಿಯರಿಗೂ ಹೆಚ್ಚು ಎಳೆಯಬಲ್ಲದು. ಅಂಥವು ಎರಡಿವೆ, ಅಡಾಪ್ಟರಿನ ಶಕ್ತಿ 2 ಆಂಪಿಯರ್. ಬೋರ್ಡಿನ ಕೆಪಾಸಿಟರುಗಳು ಆ ಕ್ಷಣದ ಕೊರತೆಯನ್ನು ಸ್ವಲ್ಪ ತುಂಬುತ್ತವೆ. ಪೆಟ್ಟುಗಳು ಒಂದರ ಹಿಂದೊಂದು ಬಿದ್ದಾಗ ಅವೂ ಬರಿದಾಗುತ್ತವೆ. ಆಗ ಅಡಾಪ್ಟರ್ ತನ್ನನ್ನು ಕಾಪಾಡಿಕೊಳ್ಳಲು ನಿಂತುಬಿಡುತ್ತದೆ, ಮತ್ತೆ ಏಳುತ್ತದೆ. ಖಚಿತಪಡಿಸಿಕೊಳ್ಳಲು ಬೋರ್ಡಿನ ವಿದ್ಯುತ್ ಟರ್ಮಿನಲ್ಲಿಗೆ ಮೀಟರ್ ಹಿಡಿದು ಅದೇ ಚಂಡೆಯ ಭಾಗವನ್ನು ನುಡಿಸಿ. ಧ್ವನಿ ನಿಂತಾಗ ವೋಲ್ಟೇಜೂ ಕುಸಿದರೆ ತಪ್ಪು ಅಡಾಪ್ಟರಿನದು. 24 ಹಾಗೆಯೇ ನಿಂತಿದ್ದು ಧ್ವನಿ ಮಾತ್ರ ಹೋದರೆ, ಚಿಪ್ ಅತಿ ಪ್ರವಾಹಕ್ಕೋ ಅತಿ ಬಿಸಿಗೋ ತಾನೇ ಬಾಗಿಲು ಹಾಕಿಕೊಂಡಿದೆ ಎಂದರ್ಥ. ಆಗ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಚಿಪ್‌ನ ಬೆನ್ನಿಗೆ ಸರಿಯಾಗಿ ಕೂತಿದೆಯೇ, ಸ್ಪೀಕರ್ ತಂತಿಯ ಎಳೆಗಳು ಒಂದಕ್ಕೊಂದು ತಾಗುತ್ತಿವೆಯೇ ನೋಡಿ.

ಟ್ರಾನ್ಸ್‌ಫಾರ್ಮರ್ ವಿಚಾರದಲ್ಲಿ ದಯವಿಟ್ಟು ಅವಸರ ಮಾಡಬೇಡಿ. 24 ವೋಲ್ಟ್ ಎಸಿ, ಡಯೋಡ್ ಬ್ರಿಡ್ಜ್ ಮತ್ತು ಕೆಪಾಸಿಟರ್ ದಾಟಿದ ಮೇಲೆ 24 ಆಗಿ ಉಳಿಯುವುದಿಲ್ಲ. ಅದನ್ನು 1.414ರಿಂದ ಗುಣಿಸಿ, ಡಯೋಡುಗಳಿಗೆ ಒಂದೂವರೆ ವೋಲ್ಟ್ ಕಳೆದರೂ 32 ದಾಟುತ್ತದೆ. ಈ ಚಿಪ್ ಕೆಲಸ ಮಾಡುವ ಗರಿಷ್ಠ ಮಿತಿ 26. 30 ದಾಟಿದರೆ ಅದು ಉಳಿಯುವ ಭರವಸೆಯಿಲ್ಲ. ಮಳೆಗಾಲದ ರಾತ್ರಿ ಊರಿನ ಹೊರೆ ಇಳಿದು ಮನೆಯ ವೋಲ್ಟೇಜ್ 250ಕ್ಕೆ ಏರಿದರೆ ಅದು ಇನ್ನೂ ಮೇಲೇರುತ್ತದೆ. ಸುತ್ತಿಸಲೇಬೇಕೆಂದಿದ್ದರೆ 15 ವೋಲ್ಟಿನದನ್ನು ಸುತ್ತಿಸಿ. ಅದಕ್ಕಿಂತ ಸುಲಭದ ದಾರಿ, ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್, 4.74 ಆಂಪಿಯರ್ ಅಡಾಪ್ಟರ್. ವೋಲ್ಟೇಜ್ ಇಳಿದರೆ ಸದ್ದು ಕುಗ್ಗುತ್ತದೆ ಎಂಬ ಆತಂಕ ಬೇಡ: 24ರಿಂದ 19ಕ್ಕೆ ಬಂದರೆ ನಷ್ಟವಾಗುವುದು ಎರಡು ಡೆಸಿಬೆಲ್ ಮಾತ್ರ, ಗಮನವಿಟ್ಟು ಹೋಲಿಸಿದರಷ್ಟೇ ತಿಳಿಯುವಷ್ಟು. ಚಂಡೆಯ ಪೆಟ್ಟು ಮಾತ್ರ ಪೂರ್ತಿ ಕೇಳಿಸುತ್ತದೆ. ಇದರ ಜೊತೆಗೆ 35 ವೋಲ್ಟಿನ 2200 ಮೈಕ್ರೋಫ್ಯಾರಡ್ ಕೆಪಾಸಿಟರೊಂದನ್ನು ಬೋರ್ಡಿನ ವಿದ್ಯುತ್ ಟರ್ಮಿನಲ್ಲಿಗೆ ಸೇರಿಸಬಹುದು. ಹತ್ತು ಸಾವಿರದ್ದನ್ನು ಹಾಕಿದರೆ ಅದನ್ನು ತುಂಬಿಸಲಾಗದೆ ಅಡಾಪ್ಟರ್ ಶುರುವಾಗದೇ ಹೋಗಬಹುದು.

ಈಗ ಗುಂಯ್ ಶಬ್ದ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುವಾಗ ಅದು ಇರುವುದಿಲ್ಲ ಎಂದು ನೀವೇ ಬರೆದಿದ್ದೀರಿ. ರೋಗ ಅಲ್ಲೇ ಪತ್ತೆಯಾಯಿತು. ಚಾರ್ಜರ್ ಮತ್ತು ಅಡಾಪ್ಟರ್ ಎರಡರೊಳಗೂ ಮುಖ್ಯ ವಿದ್ಯುತ್ತಿನ ಬದಿಯಿಂದ ಹೊರಬದಿಗೆ ಸಣ್ಣ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ಸೋರುವ ಅಲ್ಪ ಪ್ರವಾಹ ನಿಮ್ಮ ಆಡಿಯೊ ತಂತಿಯ ಹೊರಕವಚದಲ್ಲಿ ಹರಿದು ಸಂಗೀತದೊಳಗೆ ಬೆರೆಯುತ್ತದೆ. ಒಂದಕ್ಕೊಂದು (1:1) ಅನುಪಾತದ ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರನ್ನು, ಅಂದರೆ ತಂತಿಯ ನೇರ ಸಂಪರ್ಕವಿಲ್ಲದೆ ಸಂಗೀತವನ್ನು ಮಾತ್ರ ದಾಟಿಸುವ ಭಾಗವನ್ನು, ಲ್ಯಾಪ್‌ಟಾಪ್ ಮತ್ತು ಬೋರ್ಡಿನ ನಡುವೆ ಹಾಕಿದರೆ ಸಾಕು. ಮೂರು ಪಿನ್ನಿನ ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸಿ ಗುಂಯ್ ನಿಲ್ಲಿಸಿದೆ ಎನ್ನುವವರ ಮಾತು ಕೇಳಬೇಡಿ. ಮಲೆನಾಡಿನ ಹಳೆಯ ಮನೆಗಳಲ್ಲಿ ಬೇಸಿಗೆಗೆ ಮುರಕಲ್ಲಿನ ನೆಲ ಒಣಗಿ ಅರ್ತ್ ಮೊದಲೇ ದುರ್ಬಲವಾಗಿರುತ್ತದೆ. ಇರುವ ರಕ್ಷಣೆಯನ್ನು ನಾವೇ ಕಳೆಯುವುದು ಬೇಡ.

ಇನ್‌ಪುಟ್ ಕೆಪಾಸಿಟರ್ ದೊಡ್ಡದಾದರೆ ಮದ್ದಲೆಯ ಮಂದ್ರ ನಾದ ಹೆಚ್ಚುತ್ತದೆ ಎಂದು ಯಾರೋ ಹೇಳಿದ್ದಾರಂತೆ. ಬೋರ್ಡಿನ ಗೇನ್ (ವರ್ಧನೆಯ ಪ್ರಮಾಣ) 26 ಡೆಸಿಬೆಲ್ ಇದ್ದರೆ ಚಿಪ್‌ನ ಇನ್‌ಪುಟ್ ಪ್ರತಿರೋಧ 30 ಕಿಲೋ ಓಮ್. ಈಗಿರುವ 1 ಮೈಕ್ರೋಫ್ಯಾರಡ್ ಅದರೊಂದಿಗೆ ಸೇರಿ ಸುಮಾರು 5 ಹರ್ಟ್ಸ್‌ವರೆಗೂ ದಾರಿ ಬಿಡುತ್ತದೆ. ನಮ್ಮ ಕಿವಿ ನಿಲ್ಲುವುದು 20ರಲ್ಲಿ. 10 ಮೈಕ್ರೋಫ್ಯಾರಡ್ ಹಾಕಿದರೆ ಅದು ಚಾರ್ಜ್ ಆಗಲು ಹೆಚ್ಚು ಹೊತ್ತು ಹಿಡಿದು, ನಿಮ್ಮ ದೂರಿನ ಆ ಧಪ್ ಸದ್ದೇ ಜೋರಾಗಬಹುದು. ಆಪ್-ಆಂಪ್ ಇದ್ದ ಹಾಗೆಯೇ ಇರಲಿ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇನೆ. ಎರಡು ಸ್ಪೀಕರುಗಳ ಕಪ್ಪು ತಂತಿಗಳನ್ನು ಎಂದೂ ಒಟ್ಟಿಗೆ ಸೇರಿಸಬೇಡಿ, ಗ್ರೌಂಡಿಗೂ ಮುಟ್ಟಿಸಬೇಡಿ. ಹಳೆಯ ಆಂಪ್ಲಿಫೈಯರುಗಳಲ್ಲಿ ಕಪ್ಪು ತಂತಿ ಗ್ರೌಂಡೇ ಆಗಿರುತ್ತಿತ್ತು. ಇಲ್ಲಿ ಕೆಂಪು, ಕಪ್ಪು ಎರಡೂ ಜೀವಂತ. ಹಾಡಿಲ್ಲದಾಗ ಗ್ರೌಂಡಿನಿಂದ ಅಳೆದರೆ ಎರಡರಲ್ಲೂ ಪೂರೈಕೆಯ ಅರ್ಧದಷ್ಟು, ಅಂದರೆ 24ಕ್ಕೆ ಸುಮಾರು 12 ವೋಲ್ಟ್ ಕಾಣಬೇಕು. ಅವೆರಡರ ನಡುವೆ ಅಳೆದರೆ ಸೊನ್ನೆಯ ಹತ್ತಿರ ಇರಬೇಕು. ಅಲ್ಲಿ ಒಂದೆರಡು ವೋಲ್ಟ್ ಕಂಡರೆ ತಕ್ಷಣ ಸ್ಪೀಕರ್ ಕಳಚಿ. ಆ ಡಿಸಿ ಸ್ಪೀಕರಿನ ಸುರುಳಿಯನ್ನು ಸುಡುತ್ತದೆ.

ಚಂಡೆಯ ವೇಳೆ ಬೋರ್ಡಿನ ಟರ್ಮಿನಲ್ಲಿನಲ್ಲಿ ಕಂಡ ವೋಲ್ಟೇಜ್, ಸ್ಪೀಕರ್ ತಂತಿಗಳ ನಡುವಿನ ವೋಲ್ಟೇಜ್, ಈ ಎರಡು ಅಳತೆಗಳನ್ನು ಬರೆದು ಕಳಿಸಿ. ಅಡಾಪ್ಟರ್ ಬದಲಿಸಿದ ಮೇಲೂ ಧಪ್ ಸದ್ದು ಉಳಿದರೆ, ಪೂರೈಕೆ ಸ್ಥಿರವಾಗುವ ತನಕ ಚಿಪ್ಪನ್ನು ಮೌನವಾಗಿಡುವ ಸಣ್ಣ ಸರ್ಕ್ಯೂಟಿನ ಚಿತ್ರವನ್ನು ಮುಂದಿನ ಸಂಚಿಕೆಯಲ್ಲಿ ಕೊಡುತ್ತೇವೆ.

ಸಂಪಾದಕ